ಪ್ಲೇಟು ಅದಲುಬದಲಾದ ರಾತ್ರಿ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ.
ಶಾರ್ಜಾ, ಹತ್ತನೇ ಇಂಡಸ್ಟ್ರಿಯಲ್ ಏರಿಯಾ, ರಾತ್ರಿ ಪಾಳಿ.
ಯಾವುದೋ ಶಾಲೆಯ ಆರ್ಡರು, ಆರುನೂರು ಭೂಪಟ,
ಕಪ್ಪು ಬಿಟ್ಟರೆ ಎರಡೇ ಬಣ್ಣ, ಅಗ್ಗದ್ದು.
ನೀಲಿಯ ಪ್ಲೇಟನ್ನು ಮಣ್ಣಿನ ಯೂನಿಟ್ಟಿಗೆ,
ಮಣ್ಣಿನದನ್ನು ನೀಲಿಗೆ ಏರಿಸಿ
ಚಹಾ ಕುಡಿಯಲು ಹೋಗಿದ್ದೆ.

ಬರುವಷ್ಟರಲ್ಲಿ ನಲವತ್ತು ಹಾಳೆ ಹೊರಗೆ.
ನಲವತ್ತರಲ್ಲೂ ಕಡಲೆಲ್ಲ ಕೆಮ್ಮಣ್ಣು,
ನೆಲವೆಲ್ಲ ನೀರು.
ಹೆಸರುಗಳು ಮಾತ್ರ ಕಪ್ಪಿನಲ್ಲಿ, ಇದ್ದಲ್ಲೇ:
ಒಣಗಿದ ಬಯಲ ಮೇಲೆ ಅರಬ್ಬಿ ಸಮುದ್ರ,
ಅಲೆಯ ಮೇಲೆ ಸಹಾರಾ.

ಫೋರ್‌ಮನ್ ಕುಂಞಾಮು ಬೈಯಲಿಲ್ಲ.
ಸಂಬಳದಲ್ಲಿ ಹಿಡಿಯುತ್ತೇನೆ ಎಂದ, ಮೆತ್ತಗೆ.
ಕಸಕ್ಕೆ ಹೋಗುವ ಮುನ್ನ ಒಂದನ್ನು ಸುರುಳಿ ಸುತ್ತಿ
ಬಗಲಲ್ಲಿಟ್ಟು ರೂಮಿಗೆ ತಂದೆ.

ಮಂಚದ ಮೇಲೆ ಮಂಚ, ಅದರ ಮೇಲಿನ ಗೋಡೆ. ಅಂಟಿಸಿದೆ.
ಎ.ಸಿ. ತೊಟ್ಟಿಕ್ಕುವ ಮೂಲೆಗೆ ನ್ಯೂಜಿಲೆಂಡು ಬಂತು,
ಅದಾಗಲೇ ಕೆರೆ, ಇನ್ನಷ್ಟು ತುಂಬಿತು.

ಮಲಗಿ ನೋಡುತ್ತೇನೆ:
ಕೊಲ್ಲಿಯೀಗ ನೀರೊಳಗೆ ಚಾಚಿದ ನೆಲದ ನಾಲಗೆ,
ಹೋರ್ಮುಜಿನಲ್ಲಿ ಮುರಿದ ಮೊಣಕೈ,
ಬಹರೈನು ಯಾರದೋ ಅಂಗಳದ ಬಾವಿ,
ಲಕ್ಷದ್ವೀಪ, ಊಟ ಮುಗಿಸಿದವರು
ಕೈ ಕೊಡವಿದ ಹನಿ.
ನೈಲ್, ಸಿಂಧೂ ಎಲ್ಲ ನೀರಿನ ನಡುವಿನ ಸಪೂರ ಹುಣಿ,
ಒಬ್ಬ ನಡೆಯಬಹುದು,
ಎದುರು ಯಾರೂ ಬರಬಾರದು.

ಉಡುಪಿಯ ಕಡೆಯಿಂದ ಇಲ್ಲಿಗೆ ಒಂದೇ ಬಯಲು!
ರಾತ್ರಿ ಎಂಟರ ಬಸ್ಸು, ಕಂಡಕ್ಟರನ ಸೀಟಿ,
‘ಶಾರ್ಜಾ, ಶಾರ್ಜಾ, ಒಳಗೆ ಹೋಗಿ, ಹಿಂದೆ ಖಾಲಿ ಉಂಟು!’
ಪಾಸ್‌ಪೋರ್ಟು ಕೇಳುವವನಿಲ್ಲ,
ಕೇಳುವುದಿದ್ದರೆ ಚಿಲ್ಲರೆ.
ಸರಿ, ಬಸ್ಸು ಹೊರಡುವುದೆಲ್ಲಿಂದ, ನಿಲ್ಲುವುದೆಲ್ಲಿ?
ಉಡುಪಿ ನೀರಲ್ಲಿ, ಶಾರ್ಜಾ ನೀರಲ್ಲಿ.
ಹೊರಟವನೂ ಮುಳುಗಿದವ, ತಲುಪಿದವನೂ ಮುಳುಗಿದವ,
ದಾರಿ ಮಾತ್ರ ಒಣಗಿದೆ.

ಕೆಳಗಿನ ಮಂಚದ ಗುಲ್‌ಜಮಾನ್
ಕಡಲಿಗೆ ಮಣ್ಣು ಸುರಿಯುವ ಟಿಪ್ಪರ್ ಓಡಿಸುವವ, ನಕ್ಕ.
‘ಇದರಲ್ಲೇನು ಹೊಸತು?
ಹನ್ನೊಂದು ವರ್ಷದಿಂದ ನನಗೆ ಇದಕ್ಕೇ ಸಂಬಳ.’
ಆಮೇಲೆ ಎದ್ದು, ಕನ್ನಡಕ ಏರಿಸಿ
ಸ್ವಾತ್ ಹುಡುಕಿದ. ‘ನಮ್ಮ ಬೆಟ್ಟಗಳು?’
ಅಲ್ಲಿ ತುಂಬ ಆಳ, ಎಂದೆ.
ಮುಟ್ಟಿದ ಬೆರಳನ್ನು ಅಂಗಿಗೆ ಒರೆಸಿಕೊಂಡ.

ಫೋಟೋ ತೆಗೆದು ಮಾವನಿಗೆ ಕಳಿಸಿದೆ.
ಮಲ್ಪೆಯ ಬೋಟಿನಲ್ಲಿ ತಾಂಡೇಲ, ಇವತ್ತಿಗೂ.
ಎಂಜಿನ್ನಿನ ಸದ್ದಿನೊಳಗಿಂದ ಅವನ ದನಿ ಬಂತು:
‘ಸರಿಯಾಗಿಯೇ ಉಂಟಲ್ಲ ಮಾರಾಯ, ತಪ್ಪೆಲ್ಲಿ?
ಹೆಸರು ಹಾಕಲಿಕ್ಕೆ ಮರೆತಿದ್ದಾರೆ, ಅಷ್ಟೆ.
ಅಜ್ಜಿಪಾದೆ ಎಲ್ಲಿ? ಬೂತಾಯಿ ಬೈಲೆಲ್ಲಿ?
ಬಲೆ ಹರಿಯುವ ಕಲ್ಲು, ಅದರ ಬಡಗಿನ ಕೆಸರು,
ಶೀನಣ್ಣನ ಮಂಜಿ ಹೋಗಿ ಕೂತ ಹದಿನಾರು ಮಾರು?
ಸಮುದ್ರ ಅಂತ ಒಂದೇ ಮಾತು ಬರೆದರೆ
ಮಕ್ಕಳಿಗೆ ಗೊತ್ತಾಗ್ತದಾ?’

ಮನೆ ಕಾಣ್ತದಾ ಮಾವ, ಕೇಳಿದೆ.
ಉತ್ತರ ತಡವಾಯಿತು. ಬಹುಶಃ ಬಲೆ ಎಳೆಯುತ್ತಿದ್ದರು.
‘ಅದು ಬರೀ ನೀಲಿ. ಅಲ್ಲಿ ನನಗೆ ದಿಕ್ಕು ತಿಳಿಯುವುದಿಲ್ಲ.
ಪೇಟೆಗೆ ಹೋದರೆ ಈಗಲೂ ನಿನ್ನ ಅತ್ತೆಯೇ ಕೈ ಹಿಡಿಯಬೇಕು.’

ಶುಕ್ರವಾರ ಏಳುವಾಗ ಗುಲ್‌ಜಮಾನ್ ಇರಲಿಲ್ಲ.
ನೀಲಿಯ ನಡುವೆ ಬಾಲ್‌ಪೆನ್ನಿನ ಒಂದು ಚುಕ್ಕಿ,
ಪಕ್ಕಕ್ಕೆ ಅವನ ಲಿಪಿಯಲ್ಲಿ ಏನೋ.
ಊರೋ, ಹೊಳೆಯೋ, ಹೆಂಗಸೋ. ನಾನು ಕೇಳಲಿಲ್ಲ.
ಪೆನ್ಸಿಲ್ ಚೂಪು ಮಾಡಿ
ಕೆಮ್ಮಣ್ಣಿನ ಮೇಲೆ, ಬರೀ ಅಂದಾಜಿಗೆ,
ಅಜ್ಜಿಪಾದೆ ಎಂದು ಬರೆದೆ,
ಕನ್ನಡದಲ್ಲಿ, ಸಣ್ಣ ಅಕ್ಷರದಲ್ಲಿ,
ಇನ್ನೂ ಸುಮಾರು ಹೆಸರು ಹಿಡಿಸಬೇಕಲ್ಲ.

ಎ.ಸಿ. ನೀರು ನ್ಯೂಜಿಲೆಂಡ್ ದಾಟಿ
ಮೇಲೆ ಹತ್ತಲು ಶುರುಮಾಡಿತ್ತು.
ಕೆಳಗೊಂದು ಬಕೀಟು ಇಟ್ಟೆ.